ಸ್ಥಾವರಕ್ಕೆ ಸಂದ ಮನ್ನಣೆ: ಎಲೆಕ್ಟ್ರಾನಿಕ್ ಸಿಟಿಯ ನೆಲದಲ್ಲಿ ಮನೆ, ಒಡೆತನ ಮತ್ತು ಪೌರತ್ವ



ವಚನ ಸಾಹಿತ್ಯದ ಪರಿಚಯವುಳ್ಳ ಯಾರಿಗೂ ಸ್ಥಾವರ, ಜಂಗಮ ಎಂಬ ಜೋಡಿಪದಗಳನ್ನು ವಿವರಿಸಿ ಹೇಳಬೇಕಾಗಿಲ್ಲ. ನೆಟ್ಟು ನಿಂತದ್ದು ಸ್ಥಾವರ, ನಡೆದಾಡುವುದು ಜಂಗಮ. ಕುತೂಹಲದ ಸಂಗತಿಯೆಂದರೆ, ಇದೇ ಜೋಡಿ ಇನ್ನೊಂದು ವೇಷದಲ್ಲಿ ನಮ್ಮ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿಯೂ ಇದೆ. ಅಲ್ಲಿ ಅದರ ಹೆಸರು ಸ್ಥಿರಾಸ್ತಿ ಮತ್ತು ಚರಾಸ್ತಿ. ನೆಲ, ಮನೆ, ನಿವೇಶನಗಳು ಸ್ಥಿರ, ಉಳಿದದ್ದೆಲ್ಲ ಚರ. ಹನ್ನೆರಡನೆಯ ಶತಮಾನದ ಶರಣರು ಸ್ಥಾವರಕ್ಕಿಂತ ಜಂಗಮಕ್ಕೆ ಹಿರಿಮೆಯನ್ನು ಕೊಟ್ಟರು. ಆದರೆ ನಮ್ಮ ನಗರಗಳು ಬೆಳೆದು ಬಂದ ಬಗೆಯನ್ನು ನೋಡಿದರೆ, ಮನುಷ್ಯನ ಮಾನ್ಯತೆಯನ್ನು ಅಳೆಯುವ ಕೋಲು ಮತ್ತೆ ಸ್ಥಾವರವೇ ಆಗಿದೆ. ಸ್ವಂತ ಮನೆಯಿದ್ದವನು ಊರಿನವನು, ಬಾಡಿಗೆಗೆ ಇರುವವನು ಬಂದುಹೋಗುವವನು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಎಲ್ಲಿಂದ ಬಂದಿತು, ಕಾನೂನು ಅದನ್ನು ಎಲ್ಲಿ ಒಪ್ಪಿದೆ, ಎಲ್ಲಿ ನಿರಾಕರಿಸಿದೆ ಎಂಬುದನ್ನು ಎಲೆಕ್ಟ್ರಾನಿಕ್ ಸಿಟಿಯ ನೆಲದ ಚರಿತ್ರೆಯನ್ನು ಹಿಡಿದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಕಲ್ಯಾಣವನ್ನು ಒಮ್ಮೆ ನೆನೆಯೋಣ. ಕಲಚುರಿ ಬಿಜ್ಜಳನ ಕಾಲದ ಕಲ್ಯಾಣ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ, ವಲಸೆ ಬಂದವರಿಂದ ಬೆಳಗಿದ ನಗರ. ಬಸವಣ್ಣನವರೇ ಬಾಗೇವಾಡಿಯ ಸೀಮೆಯಿಂದ ಹೊರಟು ಕೂಡಲಸಂಗಮವನ್ನು ಹಾದು ಅಲ್ಲಿಗೆ ಬಂದವರು. ಅಕ್ಕಮಹಾದೇವಿ ಉಡುತಡಿಯಿಂದ, ಸಿದ್ಧರಾಮರು ಸೊನ್ನಲಿಗೆಯಿಂದ, ಮಡಿವಾಳ ಮಾಚಯ್ಯನವರು ಹಿಪ್ಪರಗಿಯಿಂದ ಬಂದರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು ಬಂದು ಕಟ್ಟಿಗೆಯ ಹೊರೆ ಹೊತ್ತು ಬದುಕಿದರೆಂದು ಪರಂಪರೆ ಹೇಳುತ್ತದೆ. ಇವರಲ್ಲಿ ಯಾರಿಗೂ ಕಲ್ಯಾಣದಲ್ಲಿ ಪಿತ್ರಾರ್ಜಿತ ಮನೆಯಿರಲಿಲ್ಲ. ಶರಣ ಸಮೂಹದೊಳಗೆ ಅವರಿಗೆ ಸ್ಥಾನವನ್ನು ದೊರಕಿಸಿದ್ದು ಕಾಯಕ. ಅವರ ಹೆಸರುಗಳ ಜೊತೆಗೆ ಅಂಟಿಕೊಂಡು ಬಂದದ್ದು ಕೂಡ ಕಾಯಕವೇ: ಮಡಿವಾಳ, ಅಂಬಿಗರ, ನುಲಿಯ, ಮೋಳಿಗೆಯ. ಮುಂದೆ ಹರಳಯ್ಯ ಮಧುವರಸರ ಪ್ರಕರಣದ ನಂತರ ಕಲ್ಯಾಣ ಕದಡಿದಾಗ ಶರಣರು ಮನೆಮಠಗಳನ್ನು ಬಿಟ್ಟು ಚೆದುರಿದರು. ಚೆನ್ನಬಸವಣ್ಣನವರು ಉಳವಿಯವರೆಗೆ ನಡೆದರು. ಅಂದರೆ ನಮ್ಮ ಪರಂಪರೆಯ ಆರಂಭದಲ್ಲಿ ವಲಸೆಯಿದೆ, ಒಂದು ಹಂತದ ಕೊನೆಯಲ್ಲಿ ಒಕ್ಕಲೆದ್ದು ಹೋದ ನೋವೂ ಇದೆ.

ಈ ‘ಒಕ್ಕಲು’ ಎಂಬ ಪದವನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಕನ್ನಡದಲ್ಲಿ ಒಕ್ಕಲು ಎಂದರೆ ವಾಸ, ಒಕ್ಕಲು ಎಂದರೆ ಸಂಸಾರ, ಒಕ್ಕಲು ಎಂದರೆ ಬೇಸಾಯಗಾರ, ಒಕ್ಕಲು ಎಂದರೆ ಇನ್ನೊಬ್ಬರ ನೆಲದಲ್ಲಿ ಗೇಣಿಗೆ ಇರುವವನು. ಹೊಸ ಮನೆಗೆ ಪ್ರವೇಶಿಸುವುದನ್ನು ಕೆಲವೆಡೆ ಒಕ್ಕಲು ಎಂದೇ ಕರೆಯುತ್ತಾರೆ. ಮನೆಯಿಂದ ಹೊರಹಾಕುವುದಕ್ಕೆ ಒಕ್ಕಲೆಬ್ಬಿಸುವುದು ಎನ್ನುತ್ತೇವೆ. ವಾಸಿಸುವವನು, ದುಡಿಯುವವನು ಮತ್ತು ಒಡೆತನವಿಲ್ಲದವನು ಒಂದೇ ಪದದೊಳಗೆ ಕೂಡಿಕೊಂಡಿರುವುದು ಭಾಷೆಯ ಆಕಸ್ಮಿಕವಲ್ಲ. ಅದು ನಮ್ಮ ಸಮಾಜದ ದೀರ್ಘ ಚರಿತ್ರೆಯ ಸಾರ.

ಈಗ ಬೆಂಗಳೂರಿನ ದಕ್ಷಿಣದ ಅಂಚಿಗೆ, ಹೊಸೂರು ರಸ್ತೆಗೆ ಬರೋಣ. ಎಲೆಕ್ಟ್ರಾನಿಕ್ ಸಿಟಿ ಎದ್ದು ನಿಂತಿರುವುದು ಮುಖ್ಯವಾಗಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಗ್ರಾಮಗಳ ಭೂಮಿಯ ಮೇಲೆ. ಗಾಜಿನ ಕಟ್ಟಡಗಳನ್ನು ಮಾತ್ರ ನೋಡುವವರಿಗೆ ಇದು ನಿನ್ನೆ ಮೊನ್ನೆ ಹುಟ್ಟಿದ ಊರೆನಿಸಬಹುದು. ಆದರೆ ಸಮೀಪದ ಬೇಗೂರಿನಲ್ಲಿ ಗಂಗರ ಕಾಲದ ದೇವಾಲಯವಿದೆ, ಕ್ರಿ.ಶ. ಸುಮಾರು 890ರ, ‘ಬೆಂಗಳೂರು’ ಎಂಬ ಹೆಸರು ಕಾಣಿಸುವ ವೀರಗಲ್ಲು ದೊರೆತದ್ದು ಅಲ್ಲಿಯೇ. ಬೇಗೂರಿನ ಇನ್ನೊಂದು ಪ್ರಸಿದ್ಧ ವೀರಗಲ್ಲು ಬೆಂಪೂರು ಹನ್ನೆರಡು ಎಂಬ ಗ್ರಾಮಸಮೂಹವನ್ನು ದತ್ತಿಯಾಗಿ ಕೊಟ್ಟುದನ್ನು ದಾಖಲಿಸುತ್ತದೆ. ಆ ಗ್ರಾಮಗಳ ಪಟ್ಟಿಯಲ್ಲಿ ತೊವಗೂರು ಎಂಬ ಹೆಸರಿದೆ. ಇಂದಿನ ದೊಡ್ಡತೋಗೂರು, ಚಿಕ್ಕತೋಗೂರುಗಳ ಹೆಸರಿನಲ್ಲಿ ಅದರ ದನಿ ಕೇಳಿಸುತ್ತದೆ. ಸಾವಿರ ವರ್ಷಗಳ ಹಿಂದೆಯೂ ಈ ನೆಲ ಒಬ್ಬರಿಂದ ಒಬ್ಬರಿಗೆ ದತ್ತಿಯಾಗಿ ಹೋಗುತ್ತಿತ್ತು. ಅದನ್ನು ಉಳುತ್ತಿದ್ದವರ ಹೆಸರನ್ನು ಕಲ್ಲಿನಲ್ಲಿ ಬರೆಯುವ ಪದ್ಧತಿ ಇರಲಿಲ್ಲ.

‘ಅಗ್ರಹಾರ’ ಎಂಬ ಹೆಸರೂ ಬಹಳಷ್ಟನ್ನು ಹೇಳುತ್ತದೆ. ಅರಸರು ಅಥವಾ ಪಾಳೆಯಗಾರರು ವಿದ್ವಾಂಸ ಬ್ರಾಹ್ಮಣರಿಗೆ ತೆರಿಗೆಯ ವಿನಾಯಿತಿಯೊಡನೆ ಬಿಟ್ಟುಕೊಟ್ಟ ಗ್ರಾಮವೇ ಅಗ್ರಹಾರ. ಅಲ್ಲಿಯ ಭೂಮಿಯನ್ನು ವೃತ್ತಿಗಳೆಂಬ ಪಾಲುಗಳಾಗಿ ಹಂಚಲಾಗುತ್ತಿತ್ತು. ವೃತ್ತಿಯನ್ನು ಪಡೆದವರು ಮಹಾಜನರೆನಿಸಿಕೊಂಡು ಕೂಡಿ ಕುಳಿತು ಊರಿನ ವ್ಯವಹಾರಗಳನ್ನು ನಿರ್ಣಯಿಸುತ್ತಿದ್ದರು. ಕರ್ನಾಟಕದ ಶಾಸನಗಳಲ್ಲಿ ಇಂತಹ ಮಹಾಜನರ ಉಲ್ಲೇಖಗಳು ಹೇರಳವಾಗಿವೆ. ಅದು ಒಂದು ರೀತಿಯ ಸ್ವಯಮಾಡಳಿತವೇ ಹೌದು. ಆದರೆ ಆ ಸಭೆಯಲ್ಲಿ ಮಾತನಾಡುವ ಅಧಿಕಾರ ಪಾಲು ಉಳ್ಳವರದು. ಗದ್ದೆ ಉಳುವ ಒಕ್ಕಲು, ಮಡಕೆ ಮಾಡುವ ಕುಂಬಾರ, ಊರ ಹೊರಗಿನ ಕೇರಿಯಲ್ಲಿದ್ದ ಕೂಲಿಯಾಳು ಅಗ್ರಹಾರವನ್ನು ನಡೆಸುತ್ತಿದ್ದರೇ ಹೊರತು ಅಗ್ರಹಾರದವರಾಗಿರಲಿಲ್ಲ. ಪಾಲಿದ್ದವನಿಗೆ ಮಾತು, ಪಾಲಿಲ್ಲದವನಿಗೆ ಕೆಲಸ. ಈ ಸೂತ್ರವನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನ ಚರಿತ್ರೆ ಸುಲಭವಾಗಿ ಅರ್ಥವಾಗುತ್ತದೆ.

ಆಧುನಿಕ ಕಾಲದ ಪ್ರಾತಿನಿಧ್ಯ ವ್ಯವಸ್ಥೆಯೂ ಬಹುಕಾಲ ಇದೇ ಸೂತ್ರವನ್ನು ಅನುಸರಿಸಿತು. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಸ್ಥಾಪಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆ ದೇಶೀಯ ಸಂಸ್ಥಾನಗಳಲ್ಲಿಯೇ ಹೊಸ ಹೆಜ್ಜೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮೊದಲು ಅದರಲ್ಲಿ ಕುಳಿತವರು ಪ್ರಮುಖ ಭೂಹಿಡುವಳಿದಾರರು ಮತ್ತು ವರ್ತಕರು. 1891ರಲ್ಲಿ ಚುನಾವಣೆಯ ಪದ್ಧತಿ ಬಂದಾಗಲೂ ಅರ್ಹತೆಯ ಮುಖ್ಯ ಆಧಾರ ಆಸ್ತಿ ಮತ್ತು ಕಂದಾಯವಾಗಿತ್ತು. ಬ್ರಿಟಿಷ್ ಭಾರತದಲ್ಲಿ 1935ರ ಕಾಯ್ದೆಯೂ ಮತದ ಹಕ್ಕನ್ನು ಆಸ್ತಿ, ತೆರಿಗೆ, ವಿದ್ಯಾಭ್ಯಾಸಗಳಿಗೆ ಗಂಟು ಹಾಕಿತ್ತು. ಯೂರೋಪಿನಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ನೆಲದಲ್ಲಿ ಪಾಲಿದ್ದವನಿಗೆ ಮಾತ್ರ ನಾಡಿನ ಹಿತದಲ್ಲಿ ಪಾಲಿರುತ್ತದೆ ಎಂಬುದು ಅಂದಿನ ಸರ್ವಸಮ್ಮತ ತರ್ಕ.

ನಮ್ಮ ಸಂವಿಧಾನ ಈ ತರ್ಕವನ್ನು ಒಂದೇ ಏಟಿಗೆ ಕಡಿದುಹಾಕಿತು. 326ನೆಯ ವಿಧಿಯು ವಯಸ್ಕರೆಲ್ಲರಿಗೂ ಮತದ ಹಕ್ಕನ್ನು ಕೊಟ್ಟಿತು. ಇದಕ್ಕಿಂತಲೂ ಸೂಕ್ಷ್ಮವಾದ, ಹೆಚ್ಚಿನವರ ಗಮನಕ್ಕೆ ಬಾರದ ಒಂದು ಮಾತು 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 20ನೆಯ ಪ್ರಕರಣದಲ್ಲಿದೆ. ಒಂದು ಕ್ಷೇತ್ರದಲ್ಲಿ ಮನೆಯ ಒಡೆತನವಿದೆ ಎಂಬ ಒಂದೇ ಕಾರಣದಿಂದ ಯಾವನೂ ಆ ಕ್ಷೇತ್ರದ ಸಾಮಾನ್ಯ ನಿವಾಸಿ ಎನಿಸಿಕೊಳ್ಳುವುದಿಲ್ಲ ಎಂಬುದು ಅದರ ತಾತ್ಪರ್ಯ. ಅಂದರೆ ಹತ್ತು ಮನೆಗಳನ್ನು ಕಟ್ಟಿಸಿ ಬೇರೆ ಊರಿನಲ್ಲಿ ಇರುವ ಮಾಲೀಕನಿಗೆ ಆ ಬೀದಿಯಲ್ಲಿ ಮತವಿಲ್ಲ. ಆ ಮನೆಗಳಲ್ಲಿ ಬಾಡಿಗೆಗೆ ಇದ್ದು ಬೆಳಗಾಗೆದ್ದು ನೀರು ಹಿಡಿಯುವ ಕೂಲಿಕಾರನಿಗೆ ಇದೆ. ಸ್ಥಾವರಕ್ಕೆ ಇದ್ದ ಅಧಿಕಾರವನ್ನು ಜಂಗಮಕ್ಕೆ ವರ್ಗಾಯಿಸಿದ ಕಾನೂನು ಎಂದು ಇದನ್ನು ಕರೆದರೆ ತಪ್ಪಾಗಲಾರದು.

ಸರಿಸುಮಾರು ಅದೇ ಕಾಲದಲ್ಲಿ, 1949ರಲ್ಲಿ, ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಟಿ.ಎಚ್. ಮಾರ್ಷಲ್ ಅವರು ಕೇಂಬ್ರಿಜ್‌ನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಪೌರತ್ವವನ್ನು ಮೂರು ಮಜಲುಗಳಾಗಿ ವಿವೇಚಿಸಿದರು. ಮೊದಲನೆಯದು ನ್ಯಾಯದ ಮುಂದೆ ಸಮಾನತೆ. ಎರಡನೆಯದು ರಾಜಕೀಯದಲ್ಲಿ ಪಾಲು, ಅಂದರೆ ಮತ. ಮೂರನೆಯದು ಸಾಮಾಜಿಕ ಪೌರತ್ವ: ತನ್ನ ಸಮಾಜದಲ್ಲಿ ಸಾಮಾನ್ಯವೆಂದು ಭಾವಿಸಲಾದ ಜೀವನವನ್ನು, ಶಿಕ್ಷಣ, ಆರೋಗ್ಯ, ವಸತಿಗಳೊಡನೆ, ಅಳುಕಿಲ್ಲದೆ ಬಾಳುವ ಹಕ್ಕು. ನಮ್ಮ ಗಣರಾಜ್ಯ ಎರಡನೆಯ ಮಜಲಿನಲ್ಲಿ ಆಸ್ತಿಯ ಅಡ್ಡಗೋಡೆಯನ್ನು ಕೆಡವಿತು. ಮೂರನೆಯ ಮಜಲಿನಲ್ಲಿ ಆ ಗೋಡೆ ಹಾಗೆಯೇ ನಿಂತಿತು. ಎಲೆಕ್ಟ್ರಾನಿಕ್ ಸಿಟಿಯ ಐವತ್ತು ವರ್ಷಗಳ ಕಥೆ ಅದಕ್ಕೆ ಸಾಕ್ಷಿ.

1976ರಲ್ಲಿ ಕಿಯೋನಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ಮುಖ್ಯಸ್ಥರಾದ ಆರ್.ಕೆ. ಬಾಳಿಗ ಅವರ ಕನಸಿನಂತೆ 1978ರ ಸುಮಾರಿಗೆ 332 ಎಕರೆ ಪ್ರದೇಶದಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಳ್ಳತೊಡಗಿತು. ಅಂದು ಅದನ್ನು ನಂಬಿದವರು ವಿರಳ. 1991ರ ಆರ್ಥಿಕ ಉದಾರೀಕರಣದ ನಂತರ ಚಿತ್ರ ಬದಲಾಯಿತು. 1994ರಲ್ಲಿ ಇನ್ಫೋಸಿಸ್ ತನ್ನ ಕೇಂದ್ರ ಕಚೇರಿಯನ್ನು ಇಲ್ಲಿಗೆ ತಂದಿತು. ಬೊಮ್ಮಸಂದ್ರ, ಹೆಬ್ಬಗೋಡಿಗಳವರೆಗೆ ಕೈಗಾರಿಕೆಗಳು ಹಬ್ಬಿದವು. 2010ರಲ್ಲಿ ಸಿಲ್ಕ್ ಬೋರ್ಡಿನಿಂದ ಎತ್ತರಿಸಿದ ಸುಂಕದ ರಸ್ತೆ ತೆರೆಯಿತು. 2025ರ ಆಗಸ್ಟ್ ತಿಂಗಳಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೋ ರೈಲು ಬಂದಿತು. ಈ ಬೆಳವಣಿಗೆಯಿಂದ ಸಾವಿರಾರು ಮನೆಗಳಲ್ಲಿ ಒಲೆ ಉರಿದಿದೆ. ನಮ್ಮ ಮಠದ ಭಕ್ತರ ಮಕ್ಕಳೂ ಅನೇಕರು ಅಲ್ಲಿ ದುಡಿಯುತ್ತಿದ್ದಾರೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ನೆಲವನ್ನು ಸ್ವಾಧೀನಪಡಿಸಿಕೊಳ್ಳುವಾಗ ಯಾರನ್ನು ಲೆಕ್ಕಕ್ಕೆ ಹಿಡಿಯಲಾಯಿತು? ಕೈಗಾರಿಕಾ ಪ್ರದೇಶಗಳಿಗೆ ಭೂಮಿಯನ್ನು ಒದಗಿಸಲು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಿತ್ತು. ಪರಿಹಾರದ ತತ್ವ 1894ರ ಭೂಸ್ವಾಧೀನ ಕಾಯ್ದೆಯದು. ಆ ತತ್ವದಂತೆ ಪರಿಹಾರ ಸಲ್ಲುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಮೂರು ತಲೆಮಾರು ರಾಗಿ ಬಿತ್ತಿ, ಕಳೆ ಕಿತ್ತು, ಕುಯಿಲು ಮಾಡಿದ ಭೂಹೀನ ಕೂಲಿಕಾರನು ಕಾನೂನಿನ ಕಣ್ಣಿಗೆ ಏನನ್ನೂ ಕಳೆದುಕೊಂಡವನಲ್ಲ. ಏಕೆಂದರೆ ಅವನಿಗೆ ಕಳೆದುಕೊಳ್ಳಲು ಸ್ಥಿರಾಸ್ತಿಯೇ ಇರಲಿಲ್ಲ. ಕೃಷಿ ಕಾರ್ಮಿಕರ ಕುಟುಂಬವನ್ನೂ ಭೂಸ್ವಾಧೀನದಿಂದ ಬಾಧಿತವಾದ ಕುಟುಂಬವೆಂದು ದೇಶದ ಕಾನೂನು ಗುರುತಿಸಿದ್ದು 2013ರ ಹೊಸ ಕಾಯ್ದೆಯಲ್ಲಿ. ಎಲೆಕ್ಟ್ರಾನಿಕ್ ಸಿಟಿ ಹುಟ್ಟಿ ಮೂವತ್ತೈದು ವರ್ಷಗಳಾದ ಮೇಲೆ.

ಭೂಮಿ ಕಳೆದುಕೊಂಡ ರೈತರಲ್ಲಿಯೂ ಎರಡು ಪಂಗಡಗಳಾದವು. ಗ್ರಾಮಠಾಣದೊಳಗೆ ಸ್ವಲ್ಪ ಜಾಗವನ್ನು ಉಳಿಸಿಕೊಂಡವರು ವಠಾರ ಕಟ್ಟಿದರು, ಮಹಡಿಯ ಮೇಲೆ ಮಹಡಿ ಏರಿಸಿದರು, ಬಾಡಿಗೆಯಿಂದ ಬದುಕಿದರು. ಪರಿಹಾರದ ಹಣವನ್ನು ಸಾಲಕ್ಕೆ, ಮದುವೆಗೆ, ಮೋಸಕ್ಕೆ ಕಳೆದುಕೊಂಡವರು ತಮ್ಮದೇ ಹೊಲವಿದ್ದ ಜಾಗದ ಗೇಟಿನಲ್ಲಿ ಕಾವಲುಗಾರರಾಗಿ ನಿಂತರು. ಒಂದೇ ಊರಿನ ದಾಯಾದಿಗಳ ನಡುವೆ, ಒಂದು ಅಂಗುಲ ಸ್ಥಾವರ ಉಳಿದದ್ದರಿಂದ ಮತ್ತು ಉಳಿಯದೆ ಹೋದದ್ದರಿಂದ, ಎರಡು ಬೇರೆ ಬೇರೆ ಜನ್ಮಗಳ ಅಂತರ ಏರ್ಪಟ್ಟಿತು.

ಇತ್ತ ನಗರದ ಒಳಗೆ ಸರ್ಕಾರ ಇನ್ನೊಂದು ಬಗೆಯ ಹಂಚಿಕೆಯನ್ನು ನಡೆಸಿತ್ತು. 1945ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟ್ ಬೋರ್ಡ್, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಮತ್ತು ಚಂದಾಪುರದ ಬಳಿ ಸೂರ್ಯನಗರವನ್ನು ನಿರ್ಮಿಸಿದ ಗೃಹಮಂಡಳಿ, ಇವು ಮಧ್ಯಮ ವರ್ಗಕ್ಕೆ ನಿವೇಶನಗಳನ್ನು ಹಂಚಿದವು. ಮಾರುಕಟ್ಟೆಯ ಬೆಲೆಗಿಂತ ಕಡಿಮೆಗೆ ದೊರೆತ ಮೂವತ್ತು ನಲವತ್ತು ಅಳತೆಯ ಒಂದು ನಿವೇಶನ ಎಷ್ಟೋ ಗುಮಾಸ್ತರ, ಉಪಾಧ್ಯಾಯರ ಕುಟುಂಬಗಳನ್ನು ಒಂದೇ ತಲೆಮಾರಿನಲ್ಲಿ ಸ್ಥಿತಿವಂತರನ್ನಾಗಿ ಮಾಡಿತು. ಇದು ಸರ್ಕಾರ ಕೊಟ್ಟ ದೊಡ್ಡ ಕೊಡುಗೆ. ಆದರೆ ಅದನ್ನು ಪಡೆಯಲು ಠೇವಣಿ ಬೇಕಿತ್ತು, ಕಾದು ಕೂರುವ ಶಕ್ತಿ ಬೇಕಿತ್ತು, ಅರ್ಜಿ ತುಂಬುವ ಅಕ್ಷರಜ್ಞಾನ ಬೇಕಿತ್ತು. ಕೂಲಿಕಾರರ ಪಾಲಿಗೆ ಬಂದದ್ದು 1973ರ ಕೊಳಚೆ ಪ್ರದೇಶ ಕಾಯ್ದೆ. ಒಬ್ಬರಿಗೆ ಕೊಟ್ಟದ್ದು ‘ಬಡಾವಣೆ’, ಇನ್ನೊಬ್ಬರಿಗೆ ಅಂಟಿಸಿದ ಹೆಸರು ‘ಕೊಳಚೆ’. ಕೋರಮಂಗಲದ ಈಜಿಪುರದಲ್ಲಿ ಆರ್ಥಿಕವಾಗಿ ದುರ್ಬಲರಾದವರಿಗೆಂದು ಪಾಲಿಕೆ ಕಟ್ಟಿಸಿದ್ದ ವಸತಿಗಳಲ್ಲಿ ಕೆಲವು ಕುಸಿದವು. ಆ ಜಾಗದಲ್ಲಿ ಶೆಡ್ಡುಗಳಲ್ಲಿ ಉಳಿದಿದ್ದ ಸುಮಾರು 1,500 ಕುಟುಂಬಗಳನ್ನು 2013ರ ಜನವರಿಯ ಚಳಿಯಲ್ಲಿ ಒಕ್ಕಲೆಬ್ಬಿಸಿದ ಘಟನೆ ಅನೇಕರಿಗೆ ನೆನಪಿರಬಹುದು.

ಅದೇ 2013ರಲ್ಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಂದು ಬೆಳವಣಿಗೆಯಾಯಿತು. ಸಂವಿಧಾನದ 74ನೆಯ ತಿದ್ದುಪಡಿ ನಗರಗಳಿಗೆ ಚುನಾಯಿತ ಪೌರಾಡಳಿತವನ್ನು ಕಡ್ಡಾಯ ಮಾಡಿತು. ಆದರೆ ಅದೇ ತಿದ್ದುಪಡಿಯ 243ಕ್ಯೂ ವಿಧಿಯಲ್ಲಿ ಒಂದು ವಿನಾಯಿತಿಯಿದೆ: ಉದ್ಯಮ ಸಂಸ್ಥೆಯೇ ಪೌರಸೇವೆಗಳನ್ನು ಒದಗಿಸುವ ಪ್ರದೇಶವನ್ನು ರಾಜ್ಯಪಾಲರು ‘ಕೈಗಾರಿಕಾ ಟೌನ್‌ಶಿಪ್’ ಎಂದು ಘೋಷಿಸಬಹುದು, ಅಲ್ಲಿ ಪೌರಸಭೆಯನ್ನು ರಚಿಸಬೇಕಾಗಿಲ್ಲ. ಈ ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ, ಅಂದರೆ ಎಲ್ಸಿಟಾ, ಅಸ್ತಿತ್ವಕ್ಕೆ ಬಂದಿತು. ಒಳ್ಳೆಯ ರಸ್ತೆ, ದೀಪ, ಒಳಚರಂಡಿ, ಕೆರೆಗಳ ಪುನಶ್ಚೇತನ ಮುಂತಾದ ಕಾರ್ಯಗಳು ಅಲ್ಲಿ ನಡೆದಿವೆ. ಆಡಳಿತದ ಅಚ್ಚುಕಟ್ಟುತನವನ್ನು ಮೆಚ್ಚಬೇಕು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಅಲ್ಲಿ ವಾರ್ಡಿಲ್ಲ, ವಾರ್ಡಿನ ಚುನಾವಣೆಯಿಲ್ಲ. ಮಂಡಳಿಯಲ್ಲಿ ಕೂರುವವರು ಉದ್ಯಮಗಳ ಮತ್ತು ಸರ್ಕಾರದ ಪ್ರತಿನಿಧಿಗಳು. ಬೆಳಗಿನ ಜಾವ ಆ ರಸ್ತೆಗಳನ್ನು ಗುಡಿಸುವವರು, ಉಪಾಹಾರಗೃಹಗಳಲ್ಲಿ ಅಡುಗೆ ಮಾಡುವವರು, ಕಾವಲು ಕಾಯುವವರು, ವಾಹನ ನಡೆಸುವವರು ಗಡಿಯ ಆಚೆಗಿನ ಹಳ್ಳಿಗಳ ಕಿರುಕೋಣೆಗಳಲ್ಲಿ ಬಾಡಿಗೆಗೆ ಇರುತ್ತಾರೆ. ಅವರ ದಿನದ ಹೆಚ್ಚಿನ ಹೊತ್ತು ಕಳೆಯುವುದು ಒಳಗೆ. ಆದರೆ ಒಳಗಿನ ನಿರ್ಣಯಗಳಲ್ಲಿ ಅವರ ದನಿಯಿಲ್ಲ. ಮಹಾಜನರು, ವೃತ್ತಿಗಳು, ಪಾಲಿದ್ದವನಿಗೆ ಮಾತು: ಅಗ್ರಹಾರ ಎಂಬ ಹೆಸರು ಅಳಿಯದೆ ಉಳಿದದ್ದು ಬರೀ ಹೆಸರಾಗಿ ಅಲ್ಲವೇನೋ ಎನಿಸುತ್ತದೆ.

ಇನ್ನು ಆ ಕಿರುಕೋಣೆಯ ಬದುಕನ್ನು ನೋಡೋಣ. ಬಾಡಿಗೆಯ ಕರಾರು ಹನ್ನೊಂದು ತಿಂಗಳಿಗೆ ಏಕೆ ಎಂದು ಅನೇಕರು ಕೇಳುತ್ತಾರೆ. 1908ರ ನೋಂದಣಿ ಕಾಯ್ದೆಯ 17ನೆಯ ಪ್ರಕರಣದಂತೆ ಒಂದು ವರ್ಷಕ್ಕೆ ಮೀರಿದ ಭೋಗ್ಯವನ್ನು ನೋಂದಾಯಿಸಲೇಬೇಕು. ಅದನ್ನು ತಪ್ಪಿಸಿಕೊಳ್ಳಲು ಹನ್ನೊಂದು ತಿಂಗಳು. ಹೀಗೆ ಒಬ್ಬ ಮನುಷ್ಯನ ನೆಲೆ ವರ್ಷ ತುಂಬುವ ಮೊದಲೇ ಮುಗಿಯುವಂತೆ ಕಾಗದದಲ್ಲಿ ಬರೆಯಲಾಗುತ್ತದೆ. ಹತ್ತು ತಿಂಗಳ ಮುಂಗಡ ಕೊಡುವುದು ಬೆಂಗಳೂರಿನಲ್ಲಿ ಬಹುಕಾಲದ ವಾಡಿಕೆ. ಒಕ್ಕಲೆಬ್ಬಿಸುವಿಕೆಯಿಂದ ರಕ್ಷಣೆ ಕೊಡಬೇಕಾಗಿದ್ದ 1999ರ ಕರ್ನಾಟಕ ಬಾಡಿಗೆ ಕಾಯ್ದೆ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಕಾಲ ಕಳೆದಂತೆ ಬಾಡಿಗೆ ಏರಿತು, ಮಿತಿ ಮಾತ್ರ ನಿಂತಲ್ಲೇ ನಿಂತಿತು. ಕರಾರಿನ ಕಾಗದವೇ ಇಲ್ಲದ ಕೋಣೆಗಳು ಎಷ್ಟೋ. ವಿಳಾಸದ ಪುರಾವೆಯಿಲ್ಲದಿದ್ದರೆ ಪಡಿತರ ಚೀಟಿಯಿಂದ ಹಿಡಿದು ಅಡುಗೆ ಅನಿಲದವರೆಗೆ ಪ್ರತಿಯೊಂದಕ್ಕೂ ಅಡ್ಡಿ. 1950ರ ಕಾಯ್ದೆ ಒಡೆತನವನ್ನು ಕೇಳದೆ ವಾಸವನ್ನು ಮಾತ್ರ ಕೇಳಿತು, ನಿಜ. ಆದರೆ ವಾಸಕ್ಕೆ ಸಾಕ್ಷಿ ಹೇಳಬೇಕಾದ ಕಾಗದ ಒಡೆಯನ ಕೈಯಲ್ಲಿ ಉಳಿಯಿತು.

ಬಡವರು ಕಷ್ಟಪಟ್ಟು ಒಡೆಯರಾದಾಗಲೂ ಅವರ ಒಡೆತನ ಅರ್ಧ ಒಡೆತನ. ಕಂದಾಯ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡವರನ್ನು ಪಾಲಿಕೆಯ ‘ಬಿ’ ವಹಿಯಲ್ಲಿ ಬರೆಯಲಾಯಿತು. ತೆರಿಗೆಯನ್ನು ಪಡೆಯಲಾಗುತ್ತದೆ, ಪೂರ್ಣ ಮನ್ನಣೆಯನ್ನು ಕೊಡಲಾಗುವುದಿಲ್ಲ, ಬ್ಯಾಂಕುಗಳು ಸಾಲಕ್ಕೆ ಹಿಂಜರಿಯುತ್ತವೆ. ಇಂತಹ ಮನೆಗಳನ್ನು ಸಕ್ರಮಗೊಳಿಸಲು 2007ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು, 2014ರಲ್ಲಿ ನಿಯಮಗಳು ಬಂದವು, 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. ಯೋಜನೆಯ ಕಟ್ಟುಪಾಡುಗಳನ್ನು ಮುರಿದ ದೊಡ್ಡವರಿಗೆ ರಕ್ಷಣೆ ಸಿಗಬಾರದೆಂಬ ಆತಂಕ ನ್ಯಾಯವಾದದ್ದೇ. ಆದರೆ ದೊಡ್ಡವರ ತಪ್ಪಿನ ನೆರಳಿನಲ್ಲಿ ಚಿಕ್ಕವರು ವರ್ಷಗಟ್ಟಲೆ ಕಾದರು. ಮನುಷ್ಯರಲ್ಲಿ ಮೇಲು ಕೀಳುಗಳನ್ನು ಅಳಿಸಲು ಶರಣರು ಹೋರಾಡಿದ ನಾಡಿನಲ್ಲಿ, ಮನೆಗಳಿಗೂ ‘ಎ’ ಮತ್ತು ‘ಬಿ’ ಎಂಬ ಎರಡು ಜಾತಿಗಳು ಹುಟ್ಟಿಕೊಂಡವು.

ಒಡೆತನವಿಲ್ಲದವರ ಬದುಕು ಎಷ್ಟು ತೆಳುವಾದ ಹಗ್ಗದ ಮೇಲೆ ನಡೆಯುತ್ತಿದೆ ಎಂಬುದನ್ನು ಹೊಸೂರು ರಸ್ತೆ ಎರಡು ಸಲ ಕಂಡಿತು. 2016ರ ಏಪ್ರಿಲ್ 18 ಮತ್ತು 19ರಂದು ಬೊಮ್ಮನಹಳ್ಳಿ, ಹೆಬ್ಬಗೋಡಿಗಳ ಸುತ್ತ ಸಾವಿರಾರು ಸಿದ್ಧ ಉಡುಪು ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು, ರಸ್ತೆಗಿಳಿದರು. ಭವಿಷ್ಯನಿಧಿಯಲ್ಲಿ ಉದ್ಯೋಗದಾತರ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯಬಾರದೆಂಬ ಹೊಸ ನಿಯಮ ಅವರ ಆಕ್ರೋಶಕ್ಕೆ ಕಾರಣ. ಬಸ್ಸುಗಳು ಸುಟ್ಟವು, ಲಾಠಿಗಳು ಬೀಸಿದವು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಕೇಂದ್ರ ಸರ್ಕಾರ ಎರಡನೆಯ ದಿನವೇ ನಿಯಮವನ್ನು ಹಿಂತೆಗೆದುಕೊಂಡಿತು. ಸ್ವಂತ ಸೂರಿಲ್ಲದ ಹೆಣ್ಣುಮಗಳಿಗೆ ಆ ಹಣ ಮುಪ್ಪಿನ ಉಳಿತಾಯವಾಗಿರಲಿಲ್ಲ. ಅದೇ ಮುಂಗಡ, ಅದೇ ಆಸ್ಪತ್ರೆ, ಅದೇ ಮಗಳ ಮದುವೆ. ಸ್ಥಿರಾಸ್ತಿಯುಳ್ಳವನು ಮನೆಯನ್ನು ಒತ್ತೆಯಿಟ್ಟು ಕಷ್ಟವನ್ನು ದಾಟುತ್ತಾನೆ. ಅವಳಿಗೆ ಒತ್ತೆಯಿಡಲು ಇದ್ದದ್ದು ತಾನು ದುಡಿದ ವರ್ಷಗಳು.

ಎರಡನೆಯದು 2020ರ ಮಹಾಮಾರಿಯ ಕಾಲ. ನಗರದ ಬಹುಮಹಡಿ ಮನೆಗಳನ್ನು ಕಟ್ಟಿದ ಹೊರರಾಜ್ಯದ ಕಾರ್ಮಿಕರು ಕೆಲಸವಿಲ್ಲದೆ, ಬಾಡಿಗೆ ಕೊಡಲಾಗದೆ ಊರಿಗೆ ಹೊರಟರು. ಮೇ 5ರಂದು ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆದ ಬೆನ್ನಲ್ಲೇ ಅವರಿಗಾಗಿ ಓಡುತ್ತಿದ್ದ ವಿಶೇಷ ರೈಲುಗಳನ್ನು ರಾಜ್ಯ ಸರ್ಕಾರ ರದ್ದು ಮಾಡಿತು. ಟೀಕೆಗಳು ಬಂದ ನಂತರ ಕೆಲವೇ ದಿನಗಳಲ್ಲಿ ಅವು ಮತ್ತೆ ಆರಂಭವಾದವು. ಇರಲು ನೆಲೆಯಿಲ್ಲ, ಹೋಗಲು ಬಿಡುವುದೂ ಇಲ್ಲ ಎಂಬ ಆ ಕೆಲವು ದಿನಗಳು ಸಾಮಾಜಿಕ ಪೌರತ್ವದ ಅಭಾವವೆಂದರೇನು ಎಂಬುದಕ್ಕೆ ವ್ಯಾಖ್ಯಾನದಂತಿದ್ದವು.

ಹಾಗಾದರೆ ದಾರಿಯೇ ಇಲ್ಲವೆ? ಕರ್ನಾಟಕದ ಚರಿತ್ರೆಯೇ ದಾರಿಯನ್ನು ತೋರಿಸಿದೆ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರಾದ ದೀವರು, ಭತ್ತ ಅಳೆಯುವ ಕೊಳಗದ ಅನ್ಯಾಯವನ್ನು ಪ್ರಶ್ನಿಸಿ ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಅದರಲ್ಲಿದ್ದರು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಅಲ್ಲಿಯ ಭೂಮಾಲೀಕರು ನಮ್ಮ ಸಮಾಜದವರೇ ಆಗಿದ್ದರು ಎಂಬುದನ್ನು ಮರೆಮಾಚಬೇಕಾಗಿಲ್ಲ. ಚರಿತ್ರೆಯನ್ನು ಓದುವುದು ನಮ್ಮನ್ನು ನಾವು ನೋಡಿಕೊಳ್ಳುವುದಕ್ಕೂ ಹೌದು. ಆ ಬೀಜ 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆಯಾಗಿ ಫಲಿಸಿತು. ಉಳುವವನೇ ಹೊಲದೊಡೆಯ ಎಂಬುದು ಎಲ್ಲರಿಗೂ ತಿಳಿದಿದೆ. ಆ ಕಾಯ್ದೆಯ 38ನೆಯ ಪ್ರಕರಣವು ಇನ್ನೊಬ್ಬರ ಭೂಮಿಯಲ್ಲಿ ಮನೆ ಮಾಡಿಕೊಂಡಿದ್ದ ಕೃಷಿ ಕಾರ್ಮಿಕನಿಗೆ ಆ ಮನೆಯ ಒಡೆತನವನ್ನು ಕೊಟ್ಟಿತು ಎಂಬುದು ಅಷ್ಟಾಗಿ ತಿಳಿಯದು. ಇದರ ಮುಂದುವರಿಕೆಯಾಗಿ, ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ, ವಾಸಿಸುವವನೇ ಮನೆಯೊಡೆಯ ಎಂಬ ತತ್ವದ 2016ರ ತಿದ್ದುಪಡಿ ಬಂದು ತಾಂಡಾ, ಗೊಲ್ಲರಹಟ್ಟಿ, ಹಾಡಿಗಳ ನಿವಾಸಿಗಳಿಗೆ ಹಕ್ಕಿನ ಬಾಗಿಲು ತೆರೆಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರಗಳು ಸಂದವು. ವಾಸವೂ ದುಡಿಮೆಯೂ ಹಕ್ಕಿನ ತಾಯಿಬೇರು ಎಂಬುದನ್ನು ಗ್ರಾಮ ಕರ್ನಾಟಕದ ಮಟ್ಟಿಗೆ ಕಾನೂನು ಒಪ್ಪಿಕೊಂಡಿದೆ.

ನಗರದ ಬಾಡಿಗೆದಾರನಿಗೆ ಇದೇ ಕಾನೂನನ್ನು ನೇರವಾಗಿ ಅನ್ವಯಿಸಲಾಗದು. ಬಾಡಿಗೆಗೆ ಕೊಟ್ಟವರಲ್ಲಿಯೂ ಬಡ ವಿಧವೆಯರು, ನಿವೃತ್ತರು ಇದ್ದಾರೆ. ಎಲ್ಲರನ್ನೂ ಒಡೆಯರನ್ನಾಗಿ ಮಾಡುವುದು ಒಂದು ಮಾರ್ಗ. ಸಿಂಗಪುರ 1960ರಲ್ಲಿ ವಸತಿ ಮಂಡಳಿಯನ್ನು ಸ್ಥಾಪಿಸಿ ಆ ಮಾರ್ಗದಲ್ಲಿ ನಡೆಯಿತು. ಇಂದು ಅಲ್ಲಿಯ ನಿವಾಸಿಗಳಲ್ಲಿ ಹೆಚ್ಚಿನವರು ಮಂಡಳಿ ಕಟ್ಟಿದ ಮನೆಗಳಲ್ಲಿದ್ದಾರೆ. ಒಡೆತನವಿಲ್ಲದೆಯೂ ಮರ್ಯಾದೆಯಿಂದ ಬಾಳುವಂತೆ ಮಾಡುವುದು ಇನ್ನೊಂದು ಮಾರ್ಗ. 1919ರಿಂದ 1934ರವರೆಗೆ ವಿಯೆನ್ನಾ ನಗರಸಭೆ ಕಾರ್ಮಿಕರಿಗಾಗಿ ಅರವತ್ತು ಸಾವಿರಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ಕಟ್ಟಿಸಿತು. ಅಲ್ಲಿ ಬಾಡಿಗೆದಾರನೆಂಬುದು ಕೀಳರಿಮೆಯ ಮಾತಾಗಲಿಲ್ಲ. ನಮ್ಮಲ್ಲಿಯೂ 2020ರಿಂದ ಪಡಿತರ ಚೀಟಿಯನ್ನು ಬೇರೆ ರಾಜ್ಯದಲ್ಲಿ ಬಳಸುವ ವ್ಯವಸ್ಥೆಗೆ ಕರ್ನಾಟಕ ಸೇರಿದೆ. ಇದು ಚಿಕ್ಕ ಸಂಗತಿಯಂತೆ ಕಂಡರೂ ತತ್ವದಲ್ಲಿ ದೊಡ್ಡದು. ಹಕ್ಕು ಮನೆಯ ಸಂಖ್ಯೆಗೆ ಅಂಟಿಕೊಂಡು ನಿಲ್ಲದೆ ಮನುಷ್ಯನ ಜೊತೆಗೆ ನಡೆಯತೊಡಗಿತು. ಅದೇ ಜಂಗಮವಾದ ಹಕ್ಕು.

ಭಕ್ತ ಬಂಧುಗಳೇ, ಕಾನೂನಿನ ಮಾತು ಇಷ್ಟು. ಇನ್ನು ನಮ್ಮ ಮಾತು. ಶ್ರೀಮಠದ ಭಕ್ತರಲ್ಲಿ ಬಾಡಿಗೆಗೆ ಇರುವವರೂ ಇದ್ದಾರೆ, ಬಾಡಿಗೆಗೆ ಕೊಡುವವರೂ ಇದ್ದಾರೆ. ಬೆಂಗಳೂರಿನ ಬೀದಿಗಳಲ್ಲಿ ಬಸವಣ್ಣನವರ ಹೆಸರನ್ನೋ ಶರಣರ ಹೆಸರನ್ನೋ ಹೊತ್ತ ಮನೆಗಳು ಅನೇಕ. ಅಂತಹ ಮನೆಯ ಗೇಟಿಗೆ ‘ಮನೆ ಬಾಡಿಗೆಗಿದೆ, ನಮ್ಮವರಿಗೆ ಮಾತ್ರ’ ಎಂಬ ಹಲಗೆ ತೂಗುವುದನ್ನು ಕಂಡಾಗ ಮನಸ್ಸು ಮುದುಡುತ್ತದೆ. ಹಲಗೆಯಿಲ್ಲದ ಕಡೆ ಮೊದಲ ಪ್ರಶ್ನೆಯೇ ‘ಯಾವ ಪೈಕಿ?’ ಎಂಬುದು. ಕುಲವನ್ನು ಕೇಳದೆ ಕಾಯಕವನ್ನು ಕೇಳಿದ ಪರಂಪರೆ ನಮ್ಮದು ಎಂದು ವೇದಿಕೆಯ ಮೇಲೆ ಹೇಳುವ ನಾವು, ಬಾಗಿಲಲ್ಲಿ ನಿಂತ ಹರಳಯ್ಯನವರ ವಂಶದವನಿಗೆ ಏನೆಂದು ಉತ್ತರಿಸುತ್ತೇವೆ? ಊಟದ ಪದ್ಧತಿಯ ನೆಪವೊಡ್ಡಿ ಅವನನ್ನು ಹಿಂದಿರುಗಿಸಿದರೆ, ಅಗ್ರಹಾರದ ಬೇಲಿಯನ್ನು ನಾವೇ ಮತ್ತೆ ಕಟ್ಟಿದಂತಾಗುತ್ತದೆ.

ದಾಸೋಹವೆಂದರೆ ಪ್ರಸಾದದ ಪಂಕ್ತಿ ಮಾತ್ರವಲ್ಲ. ಬಾಡಿಗೆಗೆ ಇದ್ದವರಿಗೆ ಬರಹದ ಕರಾರನ್ನು ಕೊಡುವುದು, ಕೊಟ್ಟ ಹಣಕ್ಕೆ ರಸೀದಿ ಕೊಡುವುದು, ಮತದಾರರ ಪಟ್ಟಿಗೋ ಮಕ್ಕಳ ಶಾಲೆಗೋ ವಿಳಾಸದ ಪತ್ರ ಬೇಕೆಂದಾಗ ಹಿಂಜರಿಯದೆ ಸಹಿ ಮಾಡುವುದು, ಮನೆ ಬಿಡುವಾಗ ಮುಂಗಡವನ್ನು ಬಣ್ಣದ ಲೆಕ್ಕ ಹೇಳಿ ಮುರಿಯದೆ ಹಿಂದಿರುಗಿಸುವುದು, ಇವೂ ದಾಸೋಹವೇ. ಇವುಗಳಿಗೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ, ಖರ್ಚೂ ಇಲ್ಲ. ಆದರೆ ಆ ಒಂದು ಹಾಳೆಯಿಂದ ಒಂದು ಸಂಸಾರಕ್ಕೆ ಈ ಊರಿನಲ್ಲಿ ಹೆಸರು ದೊರೆಯುತ್ತದೆ. ಬಾಡಿಗೆಗೆ ಕೊಡುವ ಭಕ್ತರು ಈ ತಿಂಗಳಲ್ಲಿಯೇ ತಮ್ಮ ಮನೆಯ ಕರಾರುಗಳನ್ನು ಒಮ್ಮೆ ತೆಗೆದು ನೋಡಲಿ ಎಂದು ವಿನಂತಿಸುತ್ತೇವೆ.